ಒಂದೇ ಅಡುಗೆಮನೆ, ಮೂರು ತಲೆಮಾರು



ಬೇರೆ ಬೇರೆ ವಯಸ್ಸಿನವರನ್ನು ಮುನ್ನಡೆಸೋದು ಹೇಗೆ ಅಂತ ಮಾತು ಬಂದಾಗ ಮಿಲೆನಿಯಲ್, ಜೆನ್ ಝೀ ಅನ್ನೋ ಹೆಸರು ಕೇಳ್ತೀವಿ. 1981ರಿಂದ 1996ರೊಳಗೆ ಹುಟ್ಟಿದವರು ಒಂದು ಥರ, 1997ರಿಂದ ಈಚೆಯವರು ಇನ್ನೊಂದು ಥರ. ಅಮೆರಿಕದಲ್ಲಿ ಬೆಳೆದ ಪಟ್ಟಿ ಇದು. ಮುಂಬಯಿಯ ಉಡುಪಿ ಹೋಟೆಲಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಪ್ರಶ್ನೆ: ಈ ಮನುಷ್ಯ ಇಲ್ಲಿಗೆ ಯಾಕೆ ಬಂದ?

ಮಾಟುಂಗಾದಲ್ಲಿ 1940ರಲ್ಲಿ ಕೆಫೆ ಮದ್ರಾಸ್ ಶುರುವಾಯಿತು, 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಆ ಕಾಲದಲ್ಲಿ ಕರಾವಳಿಯ ಹುಡುಗರಿಗೆ ಹೋಟೆಲಂದ್ರೆ ಬರೀ ಸಂಬಳ ಅಲ್ಲ. ಊಟ ಇತ್ತು, ಮಲಗಲು ಜಾಗ ಇತ್ತು, ಊರಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ಟೇಬಲ್ ಒರೆಸಿ, ರಾತ್ರಿ ಓದಿ ಮೇಲೆ ಬಂದವರು ಎಷ್ಟೋ ಮಂದಿ. ಶಾಲೆ ಹೊತ್ತಿಗೆ ಬಿಡುವ ಧಣಿಗೆ ಹುಡುಗರ ಮನಸ್ಸು ಗೊತ್ತಿತ್ತು.

ನಾನು ಮುಲುಂಡಿನಲ್ಲಿ ನೋಡಿಕೊಳ್ಳುವ ಹೋಟೆಲಿನ ಅಡುಗೆ ಭಟ್ರಿಗೆ 64 ವರ್ಷ. ದೋಸೆ ಕಲ್ಲಿನ ಮುಂದಿರುವ ಝಾರ್ಖಂಡ್ ಹುಡುಗನಿಗೆ 22. ಭಟ್ರಿಗೆ ಮೊಣಕಾಲು ನೋವು, ದೀಪಾವಳಿ ಕಳೆದ ಮೇಲೆ ಊರಿಗೆ ಹೊರಡ್ತಾರೆ. ಇಡ್ಲಿ ಹಿಟ್ಟಿನ ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ.

ಹುಡುಗ ಕೇಳಿದ, ಉಪ್ಪು ಎಷ್ಟು ಗ್ರಾಂ? ಭಟ್ರು ನನ್ನ ಹತ್ತಿರ ಬಂದರು: "ಮುಷ್ಟಿ ಲೆಕ್ಕ ಮಾರಾಯ್ರೇ, ಇವನಿಗೆ ಎಂಥ ಗ್ರಾಂ ಹೇಳೋದು?" ಹುಡುಗನದು ಉಡಾಫೆ ಅಂತ ಇವರು, ಭಟ್ರು ಗುಟ್ಟು ಮುಚ್ಚಿಡ್ತಾರೆ ಅಂತ ಅವನು.

'ಕಲಿಸಿ' ಅಂತ ನಾನು ಹೇಳಲಿಲ್ಲ. "ಇವನು ನಿಮ್ಮ ಅಳತೆ ಬರೀತಾನೆ, ತಪ್ಪಿದ್ರೆ ನೀವೇ ತಿದ್ದಿ" ಅಂದೆ. ಹತ್ತು ದಿನ ಅವನು ಆ ಮುಷ್ಟಿಯ ಉಪ್ಪನ್ನು ತೂಗಿದ. ಒಂದೊಂದು ದಿನ ಒಂದೊಂದು ತೂಕ! ಯಾಕೆ ಅಂತ ಕೇಳಿದಾಗ ಭಟ್ರು ಹೇಳಿದರು: ಸೆಖೆಯ ದಿನ ಉಪ್ಪು ಸ್ವಲ್ಪ ಮುಂದೆ, ಇಲ್ಲದಿದ್ರೆ ಬೆಳಗಾಗುವಾಗ ಹಿಟ್ಟು ಹುಳಿ. ತಂಪಿದ್ರೆ ಕಡಿಮೆ. ನಲವತ್ತು ವರ್ಷ ಕೈ ಅದನ್ನು ಮಾಡುತ್ತಿತ್ತು, ಬಾಯಲ್ಲಿ ಹೇಳುವ ಪ್ರಸಂಗ ಬಂದಿರಲಿಲ್ಲ. ಗ್ರಾಂ ಕೇಳುವವನು ಬಂದದ್ದರಿಂದ ಅದು ಹೊರಗೆ ಬಂತು.

ಹುಡುಗನಿಗೆ ಊರಲ್ಲಿ ಸ್ವಂತ ತಿಂಡಿ ಗಾಡಿ ಹಾಕುವ ಆಸೆ. ಅವನಿಗೆ ಬೇಕಾದದ್ದು ಆ ವಿದ್ಯೆ, ಮತ್ತೆ ಬೇಡದೆ ಸಿಗುವ ವಾರದ ರಜೆ. ಗಲ್ಲಾದಲ್ಲಿ ಕೂರುವ 45ರವರಿಗೆ ಮಗಳ ಹತ್ತನೇ ಕ್ಲಾಸು, ಸಂಜೆ ಆರಕ್ಕೆ ಮನೆ ಸೇರಬೇಕು. ಭಟ್ರಿಗೆ ತಾನು ಹೋದ ಮೇಲೂ ಕೈರುಚಿ ಉಳಿಯಬೇಕು. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಬೇಕು ಅನ್ನೋ ನಿಯಮ ಎಲ್ಲರಿಗೂ ಒಂದೇ. ಆದರೆ ಯಾರು ಯಾತಕ್ಕಾಗಿ ಐದಕ್ಕೆ ಏಳ್ತಾರೆ ಅನ್ನೋದು ಮುಂದಾಳಿಗೆ ಗೊತ್ತಿರಬೇಕು. ಹುಟ್ಟಿದ ಇಸವಿ ಅದನ್ನು ಹೇಳೋದಿಲ್ಲ, ಕೇಳಿಯೇ ತಿಳೀಬೇಕು.

ಇಡ್ಲಿ, ದೋಸೆಯ ಪುಟ ಬರೆದಾಯಿತು. ಸಾಂಬಾರು ಬಾಕಿ ಇದೆ. ದೀಪಾವಳಿಗೆ ಇನ್ನು ಮೂರು ತಿಂಗಳು.