ಸಾಲದ ನೀರು ಯಾರ ಕೊಡಕ್ಕೆ?

(ವಿಜಯಪುರದಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ವಿಶ್ವಬ್ಯಾಂಕಿನ ಹೆಸರು ನಮ್ಮ ಜಿಲ್ಲೆಗೆ ಹೊಸದಲ್ಲ. 2001ರಲ್ಲಿ ಮಂಜೂರಾದ ‘ಜಲ ನಿರ್ಮಲ’ ಯೋಜನೆಯಲ್ಲಿ ಆಗಿನ ಬಿಜಾಪುರ ಜಿಲ್ಲೆಯೂ ಇತ್ತು. 2023ರಲ್ಲಿ ಅದೇ ಬ್ಯಾಂಕು ಕರ್ನಾಟಕದ ಹಳ್ಳಿಗಳ ನೀರಿಗೆಂದು ಮತ್ತೆ 36 ಕೋಟಿ 30 ಲಕ್ಷ ಡಾಲರು ಮಂಜೂರು ಮಾಡಿತು. 20 ಲಕ್ಷ ಮನೆಗಳಿಗೆ ನಳದ ನೀರು ಅದರ ಗುರಿ. ಇದಕ್ಕೆ ನೆರವು ಎಂದು ಹೆಸರು. ಬಡ್ಡಿ ಸಹಿತ ತೀರಿಸಬೇಕಾದ ಸಾಲ ಎಂದು ನಾನು ಹೇಳುತ್ತೇನೆ. ತೀರಿಸುವವರು ಯಾರು? ಸಾಬೂನು, ಚಪ್ಪಲಿ ಕೊಳ್ಳುವಾಗ ತೆರಿಗೆ ತೆರುವ ನಾವು ನೀವು. ಕಣ್ಣು ಕಾಣದವನೆಂದು ಅಂಗಡಿಯಲ್ಲಿ ಯಾರಿಗೂ ಆ ತೆರಿಗೆ ಬಿಟ್ಟಿದ್ದಿಲ್ಲ.

ಸಾಲದಲ್ಲಿ ಪಾಲಿದ್ದವರಿಗೆ ನೀರಿನಲ್ಲಿ ಪಾಲು ಬೇಡವೆ? ಮೂರು ಮೆಟ್ಟಿಲಿನ ಕಟ್ಟೆಯ ಮೇಲೆ ನಳ ಕೂಡಿಸಿದರೆ ಕಾಲಿಲ್ಲದ ಹೆಣ್ಣುಮಗಳು ಕೊಡ ತುಂಬುವುದು ಹೇಗೆ? ನೆರೆಯವರ ಬಾಯಿ ನೋಡುತ್ತ ಕೂಡ್ರಬೇಕು. ಸಿಮೆಂಟು ಒಣಗಿದ ಮೇಲೆ ಮರುಕಪಟ್ಟರೆ ಪ್ರಯೋಜನವಿಲ್ಲ. ನಕ್ಷೆ ಬರೆಯುವಾಗಲೇ ಆಕೆಯನ್ನು ಕೇಳಬೇಕು.

ಇದು ನನ್ನ ಹಟವಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರಲ್ಲಿ ಭಾರತ ಅದಕ್ಕೆ ಬದ್ಧವಾಯಿತು. ದೇಶದೇಶಗಳ ನಡುವಿನ ಅಭಿವೃದ್ಧಿ ಕಾರ್ಯಕ್ರಮಗಳು ಅಂಗವಿಕಲರನ್ನು ಒಳಗೊಳ್ಳಬೇಕು, ಅವರಿಗೆ ನಿಲುಕುವಂತಿರಬೇಕು ಎಂದು ಅದರ 32ನೆಯ ವಿಧಿ ಹೇಳುತ್ತದೆ. ನಮ್ಮದೇ 2016ರ ಕಾಯಿದೆ ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಅವರಿಗೆ ಶೇಕಡಾ 5 ಮೀಸಲು ಇಟ್ಟಿದೆ.

2011ರ ಜನಗಣತಿಯಲ್ಲಿ ರಾಜ್ಯದ 13 ಲಕ್ಷಕ್ಕೂ ಹೆಚ್ಚು ಜನ ಅಂಗವಿಕಲರೆಂದು ಲೆಕ್ಕಕ್ಕೆ ಬಂದರು. ಲೆಕ್ಕಕ್ಕೆ ಬಾರದವರೂ ಇದ್ದಾರೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಅಣ್ಣನ ಕಿವುಡು ಮುಚ್ಚಿಡುವ ಮನೆಗಳು ನಮ್ಮ ಓಣಿಯಲ್ಲೇ ಇಲ್ಲವೆ? ಗಿರಣಿಯ ಅಣ್ಣತಮ್ಮಂದಿರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಇಂದು ಪಟ್ಟಿಗೆ ತೋಳು ಸಿಕ್ಕಿದರೆ ನಾಳೆ ನಾವೂ ಅದೇ ಲೆಕ್ಕದಲ್ಲಿ.

2007ರಿಂದೀಚೆಗೆ ಗ್ರಾಮ ಪಂಚಾಯತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸಿದ್ದಾರೆ, ಅವರೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಕಷ್ಟ ಎಂಬುದು ಅವರಿಗೆ ಗೊತ್ತು. ಅವರ ಕೈಗೆ ಬರುವುದಕ್ಕೆ ಗೌರವಧನ ಎನ್ನುತ್ತಾರೆ. ಅದರಲ್ಲಿ ಗೌರವವೆಷ್ಟು, ಧನವೆಷ್ಟು, ಅವರನ್ನೇ ಕೇಳಿರಿ! ನೀರಿನ ಸಮಿತಿ ಕೂಡಿದಾಗ ಅವರನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕೂಡ್ರಿಸಬೇಕು.

ತಿಕೋಟಾ, ಬಬಲೇಶ್ವರ ಈಗ ತಾಲೂಕುಗಳಾಗಿವೆ. ಆ ಕಡೆಯ ಹಳ್ಳಿಗಳಿಂದ ಸಂತೆಗೆ, ಕೆಲಸಕ್ಕೆ ಬಂದವರು ಇಲ್ಲಿ ಬಹಳ ಜನ ಇದ್ದೀರಿ. ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ನಳ ಎಷ್ಟು ಎತ್ತರಕ್ಕೆ, ಯಾರನ್ನು ಕೇಳಿ ಹಾಕುತ್ತೀರಿ? ಸಭೆಯನ್ನು ಮಹಡಿಯ ಮೇಲೆ ಕರೆದಿದ್ದರೆ ಮೊದಲು ಕೆಳಗೆ ಇಳಿಸಿರಿ.