ಕ್ಯಾಲೆಂಡರಿನ ಮೂಲೆಯ ಹೆಸರು

(ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಮಾಡಿದ ಭಾಷಣ)



ಸಭೆಗೆ ಬರುವ ಮೊದಲು ಇಲ್ಲಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೆ. ಅಂಗಡಿಯಲ್ಲಿ ಪಾರ್ಲೆ-ಜಿ ಬಿಸ್ಕತ್ತಿನ ಪೊಟ್ಟಣ ಇತ್ತು. ಅದರ ಮೇಲಿನ ಮಗುವನ್ನು ತೋರಿಸಿ, ‘ಈ ಕೂಸು ಯಾರದು?’ ಎಂದು ಕೇಳಿದೆ. ಮೂವರು ಮೂರು ಉತ್ತರ ಕೊಟ್ಟರು. ‘ಹೋಗಲಿ, ಇದನ್ನು ಬರೆದವರು ಯಾರು?’ ಎಂದೆ. ಎಲ್ಲರೂ ಸುಮ್ಮನಾದರು.

ಆ ಮಗು ಯಾರ ಮಗುವೂ ಅಲ್ಲ. 1960ರ ದಶಕದಲ್ಲಿ ಮುಂಬಯಿಯ ಎವರೆಸ್ಟ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ದುಡಿಯುತ್ತಿದ್ದ ಮಗನ್‌ಲಾಲ್ ದಹಿಯಾ ಎಂಬ ಚಿತ್ರಕಾರರು ಕಲ್ಪಿಸಿ ಬರೆದ ಮುಖ ಅದು. ಇಲ್ಲದ ಮಗುವಿಗೆ ಜನ ಮೂರು ಹೆಸರು ಹುಡುಕಿ ಇಟ್ಟರು. ಇದ್ದ ಮನುಷ್ಯನ ಒಂದು ಹೆಸರು ಯಾರಿಗೂ ಬೇಕಾಗಲಿಲ್ಲ. ಏರ್ ಇಂಡಿಯಾದ ಬಾಗಿ ನಿಂತ ಮಹಾರಾಜನನ್ನು 1946ರಲ್ಲಿ ಗೆರೆಗೆ ಇಳಿಸಿದವರು ಉಮೇಶ ರಾವ್. ಏಷ್ಯನ್ ಪೇಂಟ್ಸ್‌ನ ಡಬ್ಬಿಯ ಮೇಲೆ ಕುಂಚ ಹಿಡಿದಿದ್ದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಲಕ್ಷ್ಮಣರ ಹೆಸರಾದರೂ ಉಳಿದಿದೆ, ಆದರೆ ಅದು ಪತ್ರಿಕೆಯ ವ್ಯಂಗ್ಯಚಿತ್ರದಿಂದ, ಬಣ್ಣದ ಡಬ್ಬಿಯಿಂದಲ್ಲ.

ನಾನು ಇಂದು ಮಾತನಾಡಬೇಕಾದದ್ದು ನಮ್ಮದೇ ಜಿಲ್ಲೆಯವರ ಬಗ್ಗೆ. ಕಲಬುರಗಿಯಲ್ಲಿ ಡಾ. ಎಸ್. ಎಂ. ಪಂಡಿತ ರಂಗಮಂದಿರವಿದೆ. ನಿಮ್ಮಲ್ಲಿ ಅನೇಕರು ಅಲ್ಲಿ ಸಭೆಗೋ ನಾಟಕಕ್ಕೋ ಕುಳಿತಿದ್ದೀರಿ. ಕಾಲೇಜು ಓದುವ ಒಬ್ಬ ಹುಡುಗನನ್ನು ಈ ಪಂಡಿತರು ಯಾರೆಂದು ಕೇಳಿದರೆ, ‘ಯಾರೋ ದೊಡ್ಡ ಶಾಸ್ತ್ರಿಗಳಿರಬೇಕು’ ಎಂದ! ಶಾಸ್ತ್ರಿಗಳಲ್ಲ, ಅವರು ಬಣ್ಣ ಹಚ್ಚುವ ಕಸುಬಿನವರು. ಸಿನಿಮಾದ ಜಾಹೀರಾತು ಬರೆದರು, ಕ್ಯಾಲೆಂಡರು ಬರೆದರು. ನಿಮ್ಮ ಅಜ್ಜಿ ಕೈಮುಗಿದ ಗೋಡೆಯ ದೇವರು ಅವರ ಕೈಯಿಂದ ಬಂದದ್ದಾಗಿರಬಹುದು. ಇಲ್ಲವೇ ಅವರ ಕೈಯನ್ನು ನಕಲು ಮಾಡಿದವರಿಂದ ಬಂದದ್ದಾಗಿರಬಹುದು.

ಸಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರ ಮಾರ್ಚ್ 25ರಂದು, ಕಲಬುರಗಿಯಲ್ಲಿ. ತಂದೆ ಮೋನಪ್ಪ, ತಾಯಿ ಕಲ್ಲಮ್ಮ. ವಿಶ್ವಕರ್ಮರ ಮನೆತನ, ಕೈಕಸುಬೇ ಅನ್ನವೆಂದು ತಿಳಿದ ಜನ. ಆಗ ಇದು ನಿಜಾಮರ ಸೀಮೆ. ಮೊದಲ ಪಾಠ ಹೇಳಿಕೊಟ್ಟವರು ಶಂಕರರಾವ್ ಆಳಂದಕರ ಎಂಬ ಚಿತ್ರಕಲಾ ಗುರುಗಳು. ಅಡ್ಡಹೆಸರಿನಲ್ಲೇ ನಿಮ್ಮ ಆಳಂದ ಇದೆ, ನೋಡಿರಿ.

ಕಲಬುರಗಿ ಸ್ಟೇಶನ್ನಿನಿಂದ ಒಂದು ಗಾಡಿ ಮದ್ರಾಸಿನ ಕಡೆಗೆ, ಒಂದು ಗಾಡಿ ಮುಂಬಯಿಯ ಕಡೆಗೆ ಹೋಗುತ್ತದೆ. ಪಂಡಿತರು ಎರಡನ್ನೂ ಹತ್ತಿದರು. ಮೊದಲು ಮದ್ರಾಸಿನ ಕಲಾಶಾಲೆಯಲ್ಲಿ ಕಲಿತರು. ಆಮೇಲೆ ಮುಂಬಯಿಯಲ್ಲಿ ಕನ್ನಡಿಗರಾದ ದಂಡಾವತಿಮಠರ ನೂತನ ಕಲಾಮಂದಿರ ಸೇರಿದರು, ಅಲ್ಲಿಂದ ಜೆ. ಜೆ. ಕಲಾಶಾಲೆಗೆ ಹೋದರು. ಸೊಲ್ಲಾಪುರದ, ಮುಂಬಯಿಯ ಗಿರಣಿಗಳಿಗೆ ನಮ್ಮ ತಾತಂದಿರು ಗಂಟುಮೂಟೆ ಕಟ್ಟಿಕೊಂಡು ಹೋದ ಹಳಿಯೇ ಅದು. ಅವರು ಮಗ್ಗದ ಮುಂದೆ ನಿಂತರು, ಇವರು ಹಲಗೆಯ ಮುಂದೆ ಕುಳಿತರು.

1938ರಲ್ಲಿ ಮುಂಬಯಿಯಲ್ಲಿ ಮೆಟ್ರೋ ಎಂಬ ಟಾಕೀಸು ತೆರೆಯಿತು. ಕಟ್ಟಿಸಿದವರು ಅಮೆರಿಕದ ಎಂ.ಜಿ.ಎಂ. ಕಂಪನಿಯವರು. ಟಾಕೀಸಿನ ಅಂಗಳದಲ್ಲಿ ಗಾಜಿನ ಹಿಂದೆ ವಿದ್ಯುದ್ದೀಪ ಹಾಕಿ ಚಿತ್ರಗಳನ್ನು ಇಡುತ್ತಿದ್ದರು. ಅವಕ್ಕೆ ಷೋಕಾರ್ಡು ಎಂದು ಹೆಸರು. ಬೀದಿಯಲ್ಲಿ ಹೋಗುವವನ ಕಾಲು ಅಲ್ಲಿ ನಿಲ್ಲಬೇಕು, ಕೈ ಜೇಬಿಗೆ ಹೋಗಬೇಕು, ಷೋಕಾರ್ಡಿನ ಕೆಲಸ ಅಷ್ಟೇ. ಆ ಕೆಲಸದಲ್ಲಿ ಪಂಡಿತರು ಹೆಸರಾದರು. ಎಣ್ಣೆಬಣ್ಣ ಒಣಗಲು ದಿನಗಳು ಬೇಕು, ಮೇಲಾಗಿ ಅದು ದೀಪದಲ್ಲಿ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ನೀರಿನಲ್ಲಿ ಕಲಸಿದ ಗಟ್ಟಿ ಪೋಸ್ಟರ್ ಬಣ್ಣ ಬೇಗ ಒಣಗುತ್ತದೆ, ಹೊಳೆಯುವುದಿಲ್ಲ, ಅಚ್ಚಿಗೂ ಚೆನ್ನಾಗಿ ಕೂಡುತ್ತದೆ. ಆದರೆ ಅದರಲ್ಲಿ ಮೈಚರ್ಮದ ನುಣುಪು ತರುವುದು ಕಷ್ಟ. ಒಂದು ಬಣ್ಣ ಒಣಗುವುದರೊಳಗೆ ಮುಂದಿನದನ್ನು ಅದರಲ್ಲಿ ಕರಗಿಸಬೇಕು. ಸುಣ್ಣ ಬಳಿಯುವವರಿಗೆ ಈ ಮಾತು ಹೇಳಬೇಕಿಲ್ಲ. ಹಸಿ ಆರುವುದರೊಳಗೆ ಕೈ ಓಡಬೇಕು. ಪಂಡಿತರ ಕೈ ಓಡುತ್ತಿತ್ತು.

ಬಾಬೂರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಎಂಬ ಇಂಗ್ಲಿಷ್ ಮಾಸಿಕ 1935ರಲ್ಲಿ ಹೊರಟಿತ್ತು. ಅದರ ಮುಖಪುಟಗಳನ್ನು ಪಂಡಿತರು ಬರೆದರು, ಗೋವೆಯ ಮುಳಗಾಂವಕರರೂ ಬರೆದರು. ಮುಂದೆ ಮುಂಬಯಿಯಲ್ಲಿ ತಮ್ಮದೇ ಸ್ಟುಡಿಯೋ ಹಾಕಿದರು. ಸಿನಿಮಾದಿಂದ ಕ್ಯಾಲೆಂಡರಿಗೆ ಬಂದರು. ರಾಮಾಯಣ, ಮಹಾಭಾರತ, ಪುರಾಣದ ಕಥೆಗಳನ್ನು ಬರೆದರು. ಟಾಕೀಸಿನ ದೀಪದ ಬೆಳಕನ್ನೇ ಅವರು ದೇವರ ಮೈಮೇಲೆ ಬಿಟ್ಟರು ಎಂದು ನಾನು ಹೇಳುತ್ತೇನೆ. ಹಿಂದಿನಿಂದ ಬೆಳಕು, ತೋಳಿನಲ್ಲಿ ಉಬ್ಬಿದ ಸ್ನಾಯು, ಗಾಳಿಗೆ ಹಾರುವ ಸೆರಗು. ಅದಕ್ಕೂ ಮುಂಚೆ 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ದೇವರನ್ನು ಬಡವರ ಗೋಡೆಗೆ ತಂದಿದ್ದರು. ರವಿವರ್ಮರ ದೇವರು ನಿಂತಲ್ಲಿ ನಿಂತಿರುತ್ತಾನೆ. ಪಂಡಿತರ ದೇವರು ಈಗ ತಾನೇ ನಡೆದು ಬಂದಂತೆ ಇರುತ್ತಾನೆ.

ಇಲ್ಲಿ ನನ್ನದೊಂದು ತಕರಾರೂ ಇದೆ. ಅದನ್ನು ಹೇಳದೆ ಬರೀ ಹೊಗಳಿದರೆ ಪಂಡಿತರಿಗೆ ಮರ್ಯಾದೆ ಮಾಡಿದಂತಾಗುವುದಿಲ್ಲ. ಅವರ ಚಿತ್ರದ ಹೆಣ್ಣುಗಳೆಲ್ಲ ಸಿನಿಮಾ ತಾರೆಯರ ಬಣ್ಣದವರು. ಬಿಸಿಲಿನಲ್ಲಿ ತೊಗರಿ ಕೊಯ್ಯುವ ನಮ್ಮ ತಾಯಂದಿರ ಮೈಬಣ್ಣ ಅಲ್ಲಿ ಕಾಣುವುದಿಲ್ಲ. ಶಕುಂತಲೆ ಕಾಡಿನಲ್ಲಿ ಬೆಳೆದವಳು, ಅವಳ ಕಾಲಿಗೆ ಮುಳ್ಳು ತಾಗಿದ ಗುರುತೂ ಇರುವುದಿಲ್ಲ! ಇದು ಕೊಳ್ಳುವವರ ರುಚಿಯೋ, ಕೊಳ್ಳಿಸುವವರ ರುಚಿಯೋ, ಬರೆದವರ ರುಚಿಯೋ? ಮೂರೂ ಸೇರಿವೆ ಎಂದು ನನ್ನ ಎಣಿಕೆ. ಇದು ಅವರೊಬ್ಬರ ದೋಷವೂ ಅಲ್ಲ.

ಇನ್ನು ನಮಗೆ ನೇರವಾಗಿ ತಾಗುವ ಮಾತಿಗೆ ಬರುತ್ತೇನೆ. ನೇಕಾರ ನೇಯ್ದ ಬಟ್ಟೆ ಗಿರಣಿಯ ಧಣಿಯದು. ಇದು ನಿಮಗೆ ಗೊತ್ತು. ಚಿತ್ರಕಾರ ಬರೆದ ಚಿತ್ರ ಯಾರದು? 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮು, ಕೃತಿ ರಚಿಸಿದವನೇ ಅದರ ಮೊದಲ ಒಡೆಯ ಎಂದು ಶುರುವಾಗುತ್ತದೆ. ಕೇಳಲು ಇಂಪಾಗಿದೆ. ಕೂಡಲೇ ‘ಆದರೆ’ಗಳು ಬರುತ್ತವೆ. ನೌಕರಿಯಲ್ಲಿದ್ದು ಬರೆದರೆ, ಬೇರೆ ಕರಾರು ಇಲ್ಲದಿದ್ದಾಗ, ಒಡೆಯ ಧಣಿ. ನೌಕರಿಯಲ್ಲಿಲ್ಲದೆ, ಒಬ್ಬರು ಹೇಳಿ ಹಣ ಕೊಟ್ಟು ಬರೆಸಿದರೂ, ಬೇರೆ ಕರಾರು ಇಲ್ಲದಿದ್ದಾಗ, ಒಡೆಯ ಹಣ ಕೊಟ್ಟವನೇ. 1994ರಲ್ಲಿ ಕಾಯಿದೆಗೆ ಇನ್ನೊಂದು ಕಲಮು ಸೇರಿತು. ಮೂಲ ಚಿತ್ರವೊಂದು 10,000 ರೂಪಾಯಿ ಮೀರಿ ಮತ್ತೆ ಮಾರಾಟವಾದರೆ ಚಿತ್ರಕಾರನಿಗೆ ಅಥವಾ ಅವನ ವಾರಸುದಾರರಿಗೆ ಶೇಕಡಾ 10ನ್ನು ಮೀರದ ಪಾಲು ಸಿಗಬೇಕು. ಒಳ್ಳೆಯ ಕಲಮು. ಆದರೆ ಆ ಪಾಲು ‘ಮೊದಲ ಒಡೆಯ’ನಾಗಿದ್ದ ಚಿತ್ರಕಾರನಿಗೆ ಮಾತ್ರ. ಅಂದರೆ ಕಂಪನಿ ಹೇಳಿದ್ದಕ್ಕೆ ಬರೆದುಕೊಟ್ಟವನು ಎರಡು ಸಲ ಹೊರಗೆ ನಿಂತ.

ಅವನ ಪಾಲಿಗೆ ಉಳಿಯುವುದು 57ನೆಯ ಕಲಮು. ಚಿತ್ರದ ಸ್ವಾಮ್ಯ ಯಾರದೇ ಆಗಿರಲಿ, ‘ಇದನ್ನು ನಾನು ಬರೆದೆ’ ಎಂದು ಹೇಳಿಕೊಳ್ಳುವ ಹಕ್ಕು ಬರೆದವನದು. ಮಾರಿದರೂ ಅದು ಹೋಗುವುದಿಲ್ಲ. ಪಂಡಿತರು ಚಿತ್ರದ ಮೂಲೆಯಲ್ಲಿ ತಮ್ಮ ಹೆಸರು ಹಾಕುತ್ತಿದ್ದರು. ಬಿಸ್ಕತ್ತಿನ ಪೊಟ್ಟಣದ ಮೇಲೆ ದಹಿಯಾ ಅವರಿಗೆ ಆ ಮೂಲೆಯೂ ಸಿಗಲಿಲ್ಲ.

ಸಿಕ್ಕ ಮೂಲೆಯನ್ನೂ ನಾವೇ ಕತ್ತರಿಸಿದ್ದೇವೆ. ನಮ್ಮ ಮನೆಯ ಮಾತು ಹೇಳುತ್ತೇನೆ. ವರ್ಷ ಮುಗಿದ ಮೇಲೆ ಅವ್ವ ಕ್ಯಾಲೆಂಡರಿನ ತಾರೀಖಿನ ಹಾಳೆ ಹರಿದು, ಚಿತ್ರಕ್ಕೆ ಕಟ್ಟು ಹಾಕಿಸಲು ಕಳಿಸುತ್ತಿದ್ದಳು. ‘ದೇವರ ಪಾದದ ಕೆಳಗೆ ಸಾಹುಕಾರನ ಅಂಗಡಿಯ ಹೆಸರು ಯಾಕೆ? ಕೊಯ್ದು ಹಾಕಲು ಹೇಳು’ ಎನ್ನುತ್ತಿದ್ದಳು. ಕಟ್ಟು ಹಾಕುವವನು ಒಂದೇ ಕತ್ತರಿಯಲ್ಲಿ ಕೆಳಗಿನ ಅಂಚನ್ನೆಲ್ಲ ಕೊಯ್ಯುತ್ತಿದ್ದ. ಸಾಹುಕಾರನ ಹೆಸರಿನ ಜೊತೆಗೆ ಚಿತ್ರಕಾರನ ಹೆಸರೂ ಹೋಯಿತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ನಾನೂ ಓದಲಿಲ್ಲ.

ಪಂಡಿತರು 1960ರ ದಶಕದ ಕೊನೆಗೆ ಮುಂಬಯಿ ಬಿಟ್ಟು ಕಲಬುರಗಿಗೆ ಮರಳಿದರು. ಇಲ್ಲಿಯೂ ಕುಂಚ ಕೆಳಗಿಡಲಿಲ್ಲ. ಕನ್ಯಾಕುಮಾರಿಯ ಬಂಡೆಯ ಮೇಲಿನ ಸ್ಮಾರಕಕ್ಕೆ ವಿವೇಕಾನಂದರ ಚಿತ್ರ ಬರೆದವರು ಅವರೇ. 1993ರ ಮಾರ್ಚ್ 30ರಂದು, 77 ತುಂಬಿದ ಐದು ದಿನಕ್ಕೆ, ತೀರಿಕೊಂಡರು. ದೊಡ್ಡ ಕಲಾವಿದರ ಪಟ್ಟಿ ಮಾಡುವವರು ಬಹುಕಾಲ ಅವರನ್ನು ‘ಕ್ಯಾಲೆಂಡರಿನವರು’ ಎಂದು ಬದಿಗಿಟ್ಟರು. ಹತ್ತು ಜನ ನೋಡಿದ ಚಿತ್ರ ಕಲೆ, ಹತ್ತು ಲಕ್ಷ ಜನ ನೋಡಿದ್ದು ಬರೀ ಕಸುಬು. ಇದೆಂಥ ಲೆಕ್ಕವೋ ನನಗೆ ಇನ್ನೂ ಬಗೆಹರಿದಿಲ್ಲ.

ವ್ಯಾಪಾರಿ ಬಂಧುಗಳಲ್ಲಿ ಒಂದು ಕೇಳಿಕೆ. ನಿಮ್ಮ ಅಂಗಡಿಯ ಬೋರ್ಡನ್ನು ಮೊದಲು ಕೈಯಿಂದ ಬರೆಸುತ್ತಿದ್ದಿರಿ, ಬರೆದವನು ಕೆಳಗೆ ತನ್ನ ಹೆಸರು, ‘ಆರ್ಟ್ಸ್’ ಎಂದು ಹಾಕುತ್ತಿದ್ದ. ಈಗ ಫ್ಲೆಕ್ಸ್ ಬಂದಿದೆ, ಒಂದು ತಾಸಿನಲ್ಲಿ ಯಂತ್ರ ಕಕ್ಕುತ್ತದೆ. ಅಗ್ಗ ನಿಜ, ಬೇಡವೆನ್ನಲು ನಾನು ಯಾರು? ಆದರೆ ಹಳೆಯ ತಗಡಿನ ಬೋರ್ಡನ್ನು ಗುಜರಿಗೆ ಹಾಕುವ ಮುಂಚೆ ಕೆಳಗಿನ ಹೆಸರನ್ನು ಒಮ್ಮೆ ಓದಿರಿ. ಆ ಮನುಷ್ಯ ಇಂದು ಎಲ್ಲಿ ಕೂಲಿ ಮಾಡುತ್ತಿದ್ದಾನೆ ಎಂದು ವಿಚಾರಿಸಿರಿ.

ಮನೆಯ ಟ್ರಂಕಿನಲ್ಲಿ, ಮಾಳಿಗೆಯ ಮೇಲೆ ಹಳೆಯ ಕ್ಯಾಲೆಂಡರು ಇದ್ದವರು ತೆಗೆದು ನೋಡಿರಿ. ಕೆಳಗಿನ ಮೂಲೆಯಲ್ಲಿ ಪಂಡಿತರ ಹೆಸರಿದ್ದರೆ ಕತ್ತರಿ ಹಾಕಿಸಬೇಡಿರಿ. ಮುಂದಿನ ಸಂತೆಗೆ ನಾನು ಆಳಂದಕ್ಕೆ ಬರುತ್ತೇನೆ, ತಂದು ತೋರಿಸಿರಿ.