ಅಚ್ಚು ಮುರಿದಾಗ ಯಾರನ್ನು ಕೇಳಬೇಕು?

(ಶರಣರ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

2017ರ ಫೆಬ್ರವರಿ 21ರ ಸಂಜೆಯನ್ನು ನಾವ್ಯಾರೂ ಮರೆತಿಲ್ಲ. ಕೊಟ್ಟೂರಿನಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು ಉರುಳಿಬಿತ್ತು. ಹಲವರು ಗಾಯಗೊಂಡರು. ಆಮೇಲೆ ಎರಡು ಮಾತು ನನ್ನ ಕಿವಿಗೆ ಬಿದ್ದವು. ‘ಸ್ವಾಮಿ ಮುನಿದಿದ್ದಾನೆ’ ಎಂದರು ಕೆಲವರು. ‘ಸ್ವಾಮಿ ಇದ್ದಿದ್ದರೆ ತನ್ನ ತೇರನ್ನಾದರೂ ಉಳಿಸಿಕೊಳ್ಳುತ್ತಿದ್ದ’ ಎಂದರು ಇನ್ನು ಕೆಲವರು. ನಾನು ಇಂಜಿನಿಯರ್. ನನಗೆ ಮೊದಲು ನೆನಪಾದದ್ದು ಗಾಲಿಯ ಅಚ್ಚು. ಅಚ್ಚಿಗೆ ನಮ್ಮ ಪಾಪಪುಣ್ಯ ಗೊತ್ತಿಲ್ಲ, ಮೇಲಿನ ಭಾರ ಗೊತ್ತು. ತಡೆಯುವಷ್ಟು ತಡೆದು ಮುರಿಯುತ್ತದೆ.

ಆದರೆ ಅಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ನನ್ನ ತಮ್ಮ ಎರಡು ವರ್ಷದವನಿದ್ದಾಗ ವಾಂತಿಭೇದಿಯಿಂದ ತೀರಿಕೊಂಡ. ಮಾತಾಡಿಸಲು ಬಂದ ಹಿರಿಯರು ಅವ್ವನಿಗೆ, ‘ಹಿಂದಿನ ಜನ್ಮದ ಕರ್ಮ ತಾಯಿ, ಅನುಭವಿಸಬೇಕು’ ಎಂದರು. ಸಮಾಧಾನಕ್ಕೆಂದೇ ಅಂದರು. ಅವ್ವ ಮಾತ್ರ ಸಾಯುವತನಕ ಕೇಳುತ್ತಿದ್ದಳು: ‘ನಾ ಅಂಥಾದ್ದೇನ್ ತಪ್ಪು ಮಾಡಿದ್ನೋ ಯಪ್ಪಾ?’ ಮುಂದೆ ಕುಡಿಯುವ ನೀರಿನ ಕೆಲಸ ಕಲಿತ ಮೇಲೆ ನನಗೆ ತಿಳಿಯಿತು. ಊರೆಲ್ಲ ನೀರು ಸೇದುತ್ತಿದ್ದ ಬಾವಿಯ ಪಕ್ಕದಲ್ಲೇ ಬಚ್ಚಲ ನೀರಿನ ಗುಂಡಿ ಇತ್ತು. ತಪ್ಪು ಅವ್ವನದಾಗಿರಲಿಲ್ಲ.

ಅದೇ ನೀರು ಕುಡಿದು ನಾನೇಕೆ ಉಳಿದೆ, ಅವನೇಕೆ ಹೋದ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉತ್ತರ ಇದೆಯೆಂದು ನಟಿಸುವುದು ಭಕ್ತಿಯಲ್ಲ.

12ನೇ ಶತಮಾನದ ಕಲ್ಯಾಣವನ್ನು ನೆನೆಯಿರಿ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾಯಿತು. ಅವರೂ ಲಿಂಗವಂತರೇ. ಆನೆಯನ್ನು ಯಾವ ಪವಾಡವೂ ತಡೆಯಲಿಲ್ಲ. ಜಾತಿ ಮೀರಿ ಬೀಗರಾದದ್ದೊಂದೇ ಅವರ ಅಪರಾಧ. ಅವರ ನೋವನ್ನು ಪೂರ್ವಜನ್ಮದ ಕರ್ಮವೆನ್ನಲು ಇಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಅಂದಮೇಲೆ ಮಗು ಕಳೆದುಕೊಂಡ ನೆರೆಮನೆಯ ತಾಯಿಗೆ ಅದೇ ಮಾತನ್ನು ಹೇಗೆ ಹೇಳುತ್ತೇವೆ? ಬಿದ್ದವರ ಮೇಲೆ ನಾವೇ ಹೊರಿಸುವ ಎರಡನೆಯ ಕಲ್ಲು ಅದು.

ಇಷ್ಟಲಿಂಗ ನಮಗೆ ವಿಮಾ ಪಾಲಿಸಿಯಲ್ಲ. ಅಂಗೈಯಲ್ಲಿ ಲಿಂಗ ಹಿಡಿದು, ‘ಅವರಿಗೇಕೆ ಹೀಗಾಯಿತು?’ ಎಂದು ಕೇಳಿದರೆ ಉತ್ತರ ಬಾರದಿರಬಹುದು. ‘ಈಗ ನಾನೇನು ಮಾಡಲಿ?’ ಎಂದು ಕೇಳಿದರೆ ಖಂಡಿತ ಬರುತ್ತದೆ. ತೇರೆಳೆಯುವ ಮುನ್ನ ಅಚ್ಚು ಪರೀಕ್ಷಿಸುವುದು ಕಾಯಕ. ಬಾವಿಯ ಪಕ್ಕದ ಗುಂಡಿ ಮುಚ್ಚಿಸುವುದು ಕಾಯಕ. ಸಾವಾದ ಮನೆಗೆ ಹೋಗಿ, ಕರ್ಮದ ಮಾತೆತ್ತದೆ, ಒಲೆ ಹಚ್ಚಿ ಗಂಜಿ ಕಾಯಿಸಿ ಕೊಡುವುದು ದಾಸೋಹ.

ಅಷ್ಟೆಲ್ಲ ಅತ್ತರೂ ನಮ್ಮವ್ವ ಒಂದು ದಿನವೂ ಲಿಂಗಪೂಜೆ ಬಿಡಲಿಲ್ಲ. ಪೂಜೆಯಲ್ಲೇ ಜಗಳವಾಡುತ್ತಿದ್ದಳು. ಆ ಜಗಳವನ್ನೂ ದೇವರು ಪೂಜೆಯೆಂದೇ ಒಪ್ಪಿಕೊಂಡಿರಬೇಕು ಎಂದು ನನ್ನ ನಂಬಿಕೆ.